ರನೆ ವೋತಿಯೆ: ಸಿಟ್ಟು ಕಲಿತ ಪಾಠ

ಸಿಟ್ಟಿನಿಂದ ಹುಟ್ಟಿದ ಚಿತ್ರ ಕಲೆಯಾದೀತೆ? ಫ್ರೆಂಚ್ ನಿರ್ದೇಶಕ ರನೆ ವೋತಿಯೆಯ (1928–2015) ಚಿತ್ರಗಳನ್ನು ನೋಡಿದವರಿಗೆ ಈ ಪ್ರಶ್ನೆ ಏಳದಿರದು.

ಪಶ್ಚಿಮ ಆಫ್ರಿಕದ ಹಳ್ಳಿಗಳ ಬಾಳನ್ನು ಶಾಲೆಯ ಮಕ್ಕಳಿಗೆ ತೋರಿಸಲೆಂದು ಫ್ರಾನ್ಸಿನ ಶಿಕ್ಷಣ ಸಂಘವೊಂದು 1949ರಲ್ಲಿ ಆತನನ್ನು ಅಲ್ಲಿಗೆ ಕಳುಹಿಸಿತು. ಇಪ್ಪತ್ತೊಂದರ ಆ ತರುಣ ಕಂಡುದು ಕಂದಾಯ ಕೊಡಲಾರದ ಹಳ್ಳಿಯ ಸುಟ್ಟ ಮನೆಗಳನ್ನು. ಯಂತ್ರಕ್ಕಿಂತ ಅಗ್ಗವೆಂದು ಅಣೆಕಟ್ಟಿನಲ್ಲಿ ದುಡಿಸುತ್ತಿದ್ದ ಆಳುಗಳನ್ನು. ಅದರ ಫಲವೇ 'ಆಫ್ರೀಕ್ 50'. ಹದಿನೇಳು ನಿಮಿಷಗಳ ಚಿತ್ರಕ್ಕೆ ನಾಲ್ಕು ದಶಕಗಳ ನಿಷೇಧ, ತೆಗೆದವನಿಗೆ ಸೆರೆಮನೆ! ಅದರ ಧೈರ್ಯ ದೊಡ್ಡದು. ಆದರೆ ದೃಶ್ಯಕ್ಕೆ ಬಾಯಿಬಿಡಲು ವ್ಯಾಖ್ಯಾನದ ಅಬ್ಬರ ಅವಕಾಶ ಕೊಡುವುದಿಲ್ಲವೆಂದರೆ ತಪ್ಪಾಗದು.

1962ರಲ್ಲಿ ಸ್ವತಂತ್ರವಾದ ಅಲ್ಜೀರಿಯದಲ್ಲಿ ವೋತಿಯೆ ಗುರುವಾದ. ಅಲ್ಲಿನ ತರುಣರ ಕೈಗೇ ಕ್ಯಾಮರಾ ಕೊಟ್ಟ. ಇತರರ ಮಾತಿಗೆ ಕಿವಿಗೊಡುವ ಆ ಗುಣ 1972ರ 'ಓರೆಸ್ ಬೆಟ್ಟಗಳಲ್ಲಿ ಇಪ್ಪತ್ತರ ಹರೆಯ' ಚಿತ್ರದಲ್ಲಿ ಫಲಿಸಿದೆ. ಅಲ್ಜೀರಿಯದಲ್ಲಿ ಹೋರಾಡಿದ ಫ್ರೆಂಚ್ ಸೈನಿಕರ ಹೇಳಿಕೆಗಳೇ ಅದರ ಮೂಲದ್ರವ್ಯ. ಯುದ್ಧವೇ ಬೇಡವೆಂದ ಹುಡುಗರು ಮೆಲ್ಲಮೆಲ್ಲನೆ ಕೊಲೆಗಾರರಾಗುವುದನ್ನು ನೋಡುವಾಗ ನಮಗೆ ಯಾರ ವಿವರಣೆಯೂ ಬೇಕೆನಿಸುವುದಿಲ್ಲ.

1973ರಲ್ಲಿ, ಸರಕಾರ ತಡೆಹಿಡಿದಿದ್ದ ಮತ್ತೊಬ್ಬರ ಚಿತ್ರಕ್ಕಾಗಿ ಆತ ಉಪವಾಸ ಕುಳಿತು ಅನುಮತಿ ದೊರಕಿಸಿದ. ಸಿಟ್ಟು ಕೊನೆಯವರೆಗೂ ಆರಲಿಲ್ಲ. ಕೇಳುವುದನ್ನು ಕಲಿತ ಮೇಲೆ ಅದು ಕಲೆಯೂ ಆಯಿತು.