ಅಳತೆಗೋಲೂ ಅಳೆದ ಕೈಯೂ

ವಿಜ್ಞಾನದ ಗ್ರಂಥಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸ ಎಂದು ಕೇಳುವವರುಂಟು. ಪದವೊಂದು ಪದಾರ್ಥವೇ ಆಗಿಬಿಡುವ ಬಗೆಯನ್ನು ವಿವರಿಸುವ ಗ್ರಂಥ ಭಾಷೆಯನ್ನು ಕಲಿಸುವವರಿಗೂ ಸೇರಿದ್ದು. ಹಾರ್ವರ್ಡಿನ ಪ್ರಾಗ್ಜೀವಿ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡರ ‘ದಿ ಮಿಸ್‌ಮೆಷರ್ ಆಫ್ ಮ್ಯಾನ್’ (1981, ಪರಿಷ್ಕೃತ ಮುದ್ರಣ 1996) ಅಂಥದು.

ಗ್ರಂಥದ ಜೀವಾಳ ಬಿನೆಯವರ ಕಥೆ. 1905ರಲ್ಲಿ ಪ್ಯಾರಿಸಿನ ಆಲ್‌ಫ್ರೆಡ್ ಬಿನೆ, ಸೀಮೋನರೊಡನೆ ಕೂಡಿ, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲೆಂದು ಪ್ರಶ್ನೆಗಳ ಶ್ರೇಣಿಯೊಂದನ್ನು ರಚಿಸಿದರು. ಬುದ್ಧಿ ಅಭ್ಯಾಸದಿಂದ ಬೆಳೆಯುವುದೆಂಬುದೇ ಅವರ ಮತ. ಅಮೆರಿಕದಲ್ಲಿ ಗಾಡರ್ಡ್, ಟರ್ಮನ್ ಮೊದಲಾದವರ ಕೈಸೇರಿದ ಮೇಲೆ ಅದೇ ಅಳತೆ ವಂಶದಿಂದ ಬಂದ, ಬದಲಾಗದ ವಸ್ತುವೊಂದರ ತೂಕವಾಯಿತು. ಮೊದಲ ಮಹಾಯುದ್ಧದಲ್ಲಿ ಸುಮಾರು 17 ಲಕ್ಷ ಸೈನಿಕರನ್ನು ಹೀಗೆ ತೂಗಿದರು. ಓದುಬರಹ ಬಾರದವರ ಮುಂದೆ ಚಿತ್ರಗಳನ್ನಿಟ್ಟು ಏನು ಕೊರತೆಯೆಂದು ಕೇಳಿದರು: ಟೆನಿಸ್ ಅಂಗಳಕ್ಕೆ ಬಲೆಯಿಲ್ಲ, ಗ್ರಾಮಫೋನಿಗೆ ಕಹಳೆಯಿಲ್ಲ! ಟೆನಿಸನ್ನೇ ಕಾಣದವನು ಮಂದಬುದ್ಧಿಯವನಾದ. ಈ ಅಧ್ಯಾಯದಲ್ಲಿ ಗೂಲ್ಡರ ವಿಡಂಬನೆಯೂ ಕರುಣೆಯೂ ಒಂದಾಗಿವೆ.

ಆದರೆ ಚರಿತ್ರೆಯಲ್ಲಿ ಗೆದ್ದ ಗೂಲ್ಡರು ತರ್ಕದಲ್ಲಿ ಪೂರ್ತಿ ಗೆದ್ದಿಲ್ಲ. ಮಾರ್ಟನ್ ಎಂಬ ವೈದ್ಯ ತಲೆಬುರುಡೆಗಳನ್ನು ಅಳೆದಾಗ ಅರಿವಿಲ್ಲದೆ ಪಕ್ಷಪಾತ ಮಾಡಿದನೆಂದು ಅವರ ಆರೋಪ. 2011ರಲ್ಲಿ ಮತ್ತೆ ಅಳೆದವರು ಆತನ ಅಳತೆ ಬಹುಮಟ್ಟಿಗೆ ಸರಿಯೆಂದೇ ಕಂಡರು. ಮಾರ್ಟನ್ನನ ಜನಾಂಗಸಿದ್ಧಾಂತ ಇದರಿಂದ ಉಳಿಯದು. ಆದರೆ ಗೂಲ್ಡರ ಒಂದು ಸಾಕ್ಷ್ಯ ಸಡಿಲವಾಯಿತು. ಒಂದು ಪರೀಕ್ಷೆಯಲ್ಲಿ ಮುಂದಿರುವವರು ಸಾಮಾನ್ಯವಾಗಿ ಇತರ ಪರೀಕ್ಷೆಗಳಲ್ಲೂ ಮುಂದಿರುವರೆಂದು 1904ರಲ್ಲಿ ಸ್ಪಿಯರ್‌ಮನ್ ಕಂಡದ್ದು ಇಂದಿಗೂ ನಿಂತಿದೆ. ಅದರ ಹಿಂದೆ ಮಿದುಳಿನಲ್ಲೊಂದು ವಸ್ತು ಇರಲೇಬೇಕೆಂದಿಲ್ಲ ಎಂಬ ಗೂಲ್ಡರ ಮಾತು ಸರಿ. ಮತ್ತೇನಿದೆ ಎಂಬುದಕ್ಕೆ ಅವರಲ್ಲಿ ತೃಪ್ತಿಕರ ಉತ್ತರವಿಲ್ಲ. 2006ರಲ್ಲಿ ಫಾನ್ ಡೆರ್ ಮಾಸ್ ಮತ್ತು ಸಂಗಡಿಗರು ಅಂಥದೊಂದು ಉತ್ತರವನ್ನು ಸೂಚಿಸಿದರು: ಶಕ್ತಿಗಳು ಬೆಳೆಯುತ್ತ ಒಂದಕ್ಕೊಂದು ಆಸರೆಯಾಗುತ್ತವೆ; ಮಾತು ತರ್ಕವನ್ನೂ ತರ್ಕ ಮಾತನ್ನೂ ಬೆಳೆಸುತ್ತವೆ. ಅದಕ್ಕೂ ಮುನ್ನ, 1984ರಲ್ಲಿ, ಜೇಮ್ಸ್ ಫ್ಲಿನ್ನರು 1932ರಿಂದ 1978ರೊಳಗೆ ಅಮೆರಿಕನ್ನರ ಸರಾಸರಿ ಅಂಕ ಸುಮಾರು 14ರಷ್ಟು ಏರಿದ್ದನ್ನು ತೋರಿಸಿದ್ದರು. ಇಷ್ಟು ಅಲ್ಪಕಾಲದಲ್ಲಿ ವಂಶಗುಣ ಹಾಗೆ ಬದಲಾಗದು; ಬದಲಾದದ್ದು ಬದುಕು.

ನಮ್ಮ ನುಡಿ ಇದನ್ನು ಬಲ್ಲದು. ಬುದ್ಧಿ ಬರುತ್ತದೆ, ಕೆಡುತ್ತದೆ. ಹಿರಿಯರು ಬುದ್ಧಿ ಹೇಳುತ್ತಾರೆ, ಪೆಟ್ಟು ತಿಂದವನು ಬುದ್ಧಿ ಕಲಿಯುತ್ತಾನೆ. ಹಾಗೆಂದು ಬೀಗುವಂತಿಲ್ಲ. ‘ದಡ್ಡ’ ಎಂಬ ಮಾತೂ ನಮ್ಮದೇ. ಒಮ್ಮೆ ಅಂಟಿದರೆ ಅದು ಸುಲಭವಾಗಿ ಬಿಡದು. 1930ರ ದಶಕದಲ್ಲಿ ವಿ. ವಿ. ಕಾಮತರು ಬಿನೆಯವರ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಅಳತೆ ನಮ್ಮಲ್ಲಿಗೂ ಬಂದಿದೆ ಎಂದಮೇಲೆ, ಅದನ್ನು ನೆರವಿಗಾಗಿ ಹಿಡಿಯುವೆವೋ ತೀರ್ಪಿಗಾಗಿಯೋ ಎಂಬ ಪ್ರಶ್ನೆಯೂ ನಮ್ಮದೇ.

ಗೂಲ್ಡರ ಗ್ರಂಥ ಬುದ್ಧಿಯ ಕುರಿತ ಕೊನೆಯ ಮಾತಲ್ಲ. ಆದರೆ ಮಗುವಿನ ಹೆಸರಿನ ಮುಂದೆ ಅಂಕ ಬರೆಯುವ ಪ್ರತಿಯೊಬ್ಬರೂ ಮೊದಲು ಓದಬೇಕಾದ ಗ್ರಂಥ.