ಬಾಗಿಲೇ ಪೆಟ್ಟಿಗೆ

ಹೋದ ಆಷಾಢದಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಬರುತ್ತಿದ್ದೆ. ಆನಂದಪುರ ದಾಟುವ ಹೊತ್ತಿಗೆ ಮಳೆ ಕೊಂಚ ಹೊಳವಾಗಿ ವೈಪರಿನ ಸದ್ದು ನಿಂತಿತು. ಕಾರಿನಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮಂದ್ರದ ತಂತಿ ಮೀಟಿದಾಗಲೆಲ್ಲ ಬಲಬಾಗಿಲಿನಿಂದ ಕಾಗದ ಹರಿದಂಥ ಪರಪರ ಸದ್ದು. ಮೇಲಿನ ಸ್ಥಾಯಿಗೆ ಹೋದರೆ ಎಲ್ಲ ಸರಿ, ಕೆಳಗಿಳಿದರೆ ಮತ್ತೆ ಪರಪರ. ಕುಂಸಿಗೆ ಬರುವಷ್ಟರಲ್ಲಿ ತಡೆಯಲಾಗದೆ ಆರಿಸಿಬಿಟ್ಟೆ.

ಮರುದಿನ ನಮ್ಮೂರಿನ ಹಳೆಯ ವೈರಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಾಗಿಲಿನ ಒಳಹೊದಿಕೆಯ ಎರಡು ಸ್ಕ್ರೂ ಬಿಚ್ಚಿ, ಸುತ್ತಲಿನ ಕ್ಲಿಪ್ಪುಗಳನ್ನು ಟಕಟಕನೆ ಎಬ್ಬಿಸಿ, ಒಳಗೆ ಒಮ್ಮೆ ಬಗ್ಗಿ ನೋಡಿ, “ಇಲ್ಲಿದ್ದ ಪ್ಲಾಸ್ಟಿಕ್ ಶೀಟು ಎಲ್ಲಿ ಸಾರ್?” ಅಂದರು. ನನಗೇನು ಗೊತ್ತು? ಎರಡು ತಿಂಗಳ ಹಿಂದೆ ಹೊಸ ಸ್ಪೀಕರ್ ಹಾಕಿಸಿದ್ದೆ. ಹಾಕಿದ ಅಂಗಡಿಯವರು ಆ ಶೀಟನ್ನು ಕಿತ್ತು ಎಸೆದಿದ್ದರು. ಸ್ಪೀಕರಿನ ಕಾಗದದ ಕೋನು ನೆನೆದ ಹಪ್ಪಳದಂತೆ ಮೆತ್ತಗಾಗಿ ಒಂದು ಕಡೆ ಅಂಟು ಬಿಟ್ಟಿತ್ತು.

ಕಾರಿನ ಬಾಗಿಲಿನೊಳಗೆ ನೀರು ಬರುವುದಿಲ್ಲ ಎಂದೇ ನಮ್ಮಲ್ಲಿ ಬಹಳ ಜನರ ನಂಬಿಕೆ. ಬರುತ್ತದೆ, ಪ್ರತಿ ಮಳೆಯಲ್ಲೂ ಬರುತ್ತದೆ. ಗಾಜಿನ ಗುಂಟ ಇಳಿದ ನೀರು ರಬ್ಬರ್ ಪಟ್ಟಿ ದಾಟಿ ಬಾಗಿಲಿನ ಹೊಟ್ಟೆಗೆ ಬಿದ್ದು, ತಳದ ಸಣ್ಣ ತೂತುಗಳಿಂದ ಹೊರಗೆ ಹೋಗುವಂತೆಯೇ ಬಾಗಿಲನ್ನು ಮಾಡಿರುತ್ತಾರೆ. ಆ ನೀರು ಒಳಹೊದಿಕೆಯ ಕಡೆಗೆ ಬರದಂತೆ ತಡೆಯುವುದೇ ಆ ಶೀಟು. ನೋಡಲು ಕಸದ ಹಾಗಿರುತ್ತದೆ, ಅಂಚಿಗೆ ಕಪ್ಪು ಅಂಟು ಮೆತ್ತಿಕೊಂಡಿರುತ್ತದೆ. ಅವಸರದ ಕೈಗೆ ಅದು ಅಡ್ಡಿ. ಸ್ಪೀಕರ್ ಬದಲಾಯಿಸುವಾಗ ಪಕ್ಕದಲ್ಲೇ ನಿಂತು ಎರಡು ಮಾತು ಹೇಳಿ: ಶೀಟು ಮೊದಲಿದ್ದಂತೆಯೇ ಅಂಟಬೇಕು, ಕಂಪನಿಯ ವೈರು ಕತ್ತರಿಸಬಾರದು. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಸಿಗುತ್ತದೆ, ಹಾಕಿದರೆ ಒಂದು ವೈರನ್ನೂ ಮುಟ್ಟಬೇಕಾಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬಾಗಿಲಿನ ವಿಷಯವನ್ನೇ. ಕಾರಿನ ಸಂಗೀತ ಚೆನ್ನಾಗಿಲ್ಲ ಅನ್ನಿಸಿದ ಕೂಡಲೇ ನಾವು ಹೊಸ ಸ್ಟೀರಿಯೊ, ಹೊಸ ಆಂಪ್ಲಿಫೈಯರ್, ಡಿಕ್ಕಿ ತುಂಬುವ ಸಬ್ ವೂಫರ್ ಎಂದು ಹೊರಡುತ್ತೇವೆ. ಸ್ಪೀಕರ್ ಮನೆಯಲ್ಲಾದರೆ ಮರದ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಕಾರಿನಲ್ಲಿ ಅದಕ್ಕೆ ಬಾಗಿಲೇ ಪೆಟ್ಟಿಗೆ. ಕೋನು ಮುಂದಕ್ಕೆ ನೂಕಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧ. ಅವೆರಡೂ ಸೇರಿದರೆ ಮಂದ್ರವೆಲ್ಲ ಅಲ್ಲಿಗಲ್ಲಿಗೇ ಮುಗಿಯಿತು. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಂಡಿಗಳಿರುತ್ತವೆ, ಹೊರತಗಡೋ ಬೆರಳಲ್ಲಿ ಒತ್ತಿದರೆ ಬಗ್ಗುವಷ್ಟು ತೆಳು. ಎಷ್ಟೇ ದುಬಾರಿ ಸ್ಪೀಕರ್ ತಂದು ಕೂರಿಸಿದರೂ ಆ ತಗಡು ತನ್ನ ರಾಗ ಬಿಡುವುದಿಲ್ಲ.

ಮೃದಂಗದ ಎಡಗಡೆಗೆ ಕಛೇರಿಗೆ ಮುಂಚೆ ರವೆ ಕಲಸಿ ಮೆತ್ತುವುದನ್ನು ನೋಡಿದ್ದೀರಲ್ಲ, ಚರ್ಮ ಭಾರವಾಗಿ ನಾದ ಕೆಳಗಿಳಿದು ಗುಂ ಎನ್ನುತ್ತದೆ. ಬಾಗಿಲಿನ ಹೊರತಗಡಿಗೆ ಒಳಗಿನಿಂದ ಡ್ಯಾಂಪಿಂಗ್ ಶೀಟು ಅಂಟಿಸುವುದೂ ಅದೇ ಕೆಲಸ. ಒಂದು ಮುಖ ಅಲ್ಯೂಮಿನಿಯಂ, ಇನ್ನೊಂದು ಮುಖ ಗಟ್ಟಿ ಡಾಂಬರಿನಂಥ ಬ್ಯುಟೈಲ್ ಅಂಟು. ತಗಡನ್ನು ಮೊದಲು ಒರೆಸಿ ಒಣಗಿಸಬೇಕು, ಮಣ್ಣಿನ ಮೇಲೆ ಅಂಟಿಸಿದರೆ ಒಂದೇ ಬೇಸಿಗೆಗೆ ಜಾರಿಬೀಳುತ್ತದೆ. ಇಡೀ ತಗಡನ್ನು ಮುಚ್ಚಬೇಕಾಗಿಲ್ಲ, ಸ್ಪೀಕರಿನ ಬೆನ್ನ ಹಿಂದಿನ ಜಾಗ ಮತ್ತು ಬಯಲಾಗಿರುವ ನಡುಭಾಗ ಸಾಕು. ನನ್ನ ಬಾಗಿಲಿಗೆ ಹಾಕಿಸುವ ಮುಂಚೆ ಬೆರಳಿನ ಗೆಣ್ಣಿನಿಂದ ಬಡಿದರೆ ಡಬ್ಬಿ ಬಡಿದಂತೆ ಟಣ್ ಅನ್ನುತ್ತಿತ್ತು. ಹಾಕಿಸಿದ ಮೇಲೆ ಧಪ್ ಎಂದಿತು, ಹಲಸಿನ ಮರದ ಬಾಗಿಲನ್ನು ಬಡಿದಂತೆ. ನಾಲ್ಕು ಬಾಗಿಲಿಗೂ ಬೇಡ, ಮುಂದಿನ ಎರಡಕ್ಕೆ ಸಾಕು. ಹೊಸ ಆಂಪ್ಲಿಫೈಯರಿಗಿಂತ ಕಡಿಮೆ ಖರ್ಚು.

ಹಿಂದಿನವು ಯಾಕೆ ಬೇಡ ಎಂದರೆ, ಕಛೇರಿಯಲ್ಲಿ ವಿದ್ವಾಂಸರಿಗೆ ಬೆನ್ನು ಹಾಕಿ ಯಾರೂ ಕೂರುವುದಿಲ್ಲ. ಸ್ಟೀರಿಯೊದಲ್ಲಿ ಫೇಡರ್ ಅನ್ನು ಮುಂದಕ್ಕೆ ತನ್ನಿ. ಹಿಂದಿನ ಸ್ಪೀಕರ್ ಇದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಕೇಳಲಿ. ಎಡಬಲದ ತೊಡಕು ಇದಕ್ಕಿಂತ ಸೂಕ್ಷ್ಮ. ನಾವು ಕೂರುವುದು ಬಲಗಡೆ. ಬಲ ಸ್ಪೀಕರ್ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ, ಎಡದ್ದು ಸುಮಾರು 60 ಸೆಂಟಿಮೀಟರ್ ಹೆಚ್ಚು ದೂರ. ಸದ್ದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಎಡದ ಸದ್ದು ಸುಮಾರು 1.8 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. ಅಷ್ಟು ಚೂರು ವ್ಯತ್ಯಾಸಕ್ಕೇ ಹಾಡುಗಾರರು ಬಲಬಾಗಿಲಿನ ಮೂಲೆಯಲ್ಲಿ ಕೂತು ಹಾಡಿದಂತೆ ಕೇಳುತ್ತದೆ. ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ ಇದ್ದರೆ ಬಲ ಸ್ಪೀಕರನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿ. ಆಗ ಗಂಗೂಬಾಯಿ ಹಾನಗಲ್ಲರ ಆ ಗಂಭೀರ ದನಿ ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ನಡುವೆ, ಗಾಜಿನ ಎದುರಿಗೆ ಬಂದು ನಿಲ್ಲುತ್ತದೆ. ತಂಬೂರದ ಜವಾರಿ ಸುತ್ತಲೂ ಹರಡಿಕೊಳ್ಳುತ್ತದೆ. ಮೊದಲ ಸಲ ಕೇಳಿದಾಗ ಕಾರನ್ನು ಬದಿಗೆ ನಿಲ್ಲಿಸಿ ಇಡೀ ಖ್ಯಾಲ್ ಮುಗಿಯುವವರೆಗೆ ಕೂತಿದ್ದೆ. ಆ ಸೌಲಭ್ಯ ಇಲ್ಲದಿದ್ದರೆ ಬ್ಯಾಲೆನ್ಸನ್ನು ಎರಡು ಗೆರೆ ಎಡಕ್ಕೆ ಸರಿಸಿ, ಅರ್ಧ ಕೆಲಸವಾದರೂ ಆಗುತ್ತದೆ.

ವ್ಯಾಟಿನ ಲೆಕ್ಕವನ್ನು ಬಹಳ ನಂಬಬೇಡಿ. ಸ್ಟೀರಿಯೊ ಡಬ್ಬದ ಮೇಲೆ ನಾಲ್ಕು ಸ್ಪೀಕರಿಗೂ 50 ವ್ಯಾಟ್ ಎಂದು ಬರೆದಿದ್ದರೂ ಒಂದೇ ಸಮನೆ ಕೊಡುವುದು 15ರಿಂದ 20. ಅದೇ ಧಾರಾಳವಾಯಿತು. ಒಳ್ಳೆಯ ಸ್ಪೀಕರ್ 1 ವ್ಯಾಟಿಗೇ 1 ಮೀಟರ್ ದೂರದಲ್ಲಿ ಸುಮಾರು 90 ಡೆಸಿಬೆಲ್ ಕೊಡುತ್ತದೆ. ಕಿವಿಯ ಆರೋಗ್ಯಕ್ಕೆ 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಮಿತಿ, ಮೇಲೆ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕವಿದೆ. ವಾಲ್ಯೂಮ್ ಎಳೆದಷ್ಟೂ ಏರುತ್ತದೆಯಾದರೂ ಒಂದು ಹಂತದ ಮೇಲೆ ಆಂಪ್ಲಿಫೈಯರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಅಲೆಯ ತಲೆಯನ್ನೇ ಸಮತಟ್ಟಾಗಿ ಕತ್ತರಿಸಿ ಕಳಿಸುತ್ತದೆ. ಕತ್ತರಿಸಿದ ಅಂಚುಗಳೆಲ್ಲ ತಾರಸ್ಥಾಯಿಯ ಕರ್ಕಶ ಸದ್ದಾಗಿ ಟ್ವೀಟರ್ ಎಂಬ ಪುಟ್ಟ ಸ್ಪೀಕರಿನ ಕೂದಲೆಳೆಯಂಥ ತಂತಿಗೆ ನುಗ್ಗಿ ಅದನ್ನು ಸುಡುತ್ತವೆ. ಕೊಪ್ಪದ ಸ್ನೇಹಿತರೊಬ್ಬರ ಕಾರಿನಲ್ಲಿ ಒಂದೇ ಮದುವೆ ದಿಬ್ಬಣಕ್ಕೆ ಎರಡೂ ಟ್ವೀಟರ್ ಹೋದವು. ದನಿ ಎಲ್ಲಿ ಗಡುಸಾಗುತ್ತದೆ ಎಂದು ಒಮ್ಮೆ ಗುರುತಿಟ್ಟುಕೊಂಡು ಅದಕ್ಕಿಂತ ಎರಡು ಅಂಕಿ ಕೆಳಗೇ ಇರಿ. ಫೋನಿನಿಂದ ಹಾಡಿಸುವವರು ಫೋನಿನ ವಾಲ್ಯೂಮನ್ನು ತುದಿಗಿಂತ ಒಂದು ಗೆರೆ ಕೆಳಗಿಟ್ಟು, ಉಳಿದದ್ದನ್ನೆಲ್ಲ ಕಾರಿನ ಗುಂಡಿಯಿಂದಲೇ ಮಾಡಬೇಕು.

ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕುಂಯ್ ಸದ್ದು ಸ್ಪೀಕರಿನಲ್ಲಿ ಬಂದರೆ ಮೊದಲು ಅರ್ಥಿಂಗ್ ನೋಡಿಸಿ. ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದರೆ ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ಬಿಗಿಯಬೇಕು.

ಮಳೆಗಾಲಕ್ಕೆ ಮುಂಚೆ ತಪ್ಪದೆ ಮಾಡುವ ಒಂದು ಕೆಲಸ ನನಗೆ ಈಗ ರೂಢಿಯಾಗಿದೆ. ಬಾಗಿಲು ತೆರೆದು, ತಳದ ಅಂಚಿನ ತೂತುಗಳನ್ನು ಹುಡುಕಿ, ಊದುಬತ್ತಿಯ ಕಡ್ಡಿಯಿಂದ ಮೆಲ್ಲನೆ ತೂರಿಸುತ್ತೇನೆ. ಹೋದ ವಾರ ಎಡಬಾಗಿಲಿನಿಂದ ಒಂದು ಚಿಟಿಕೆ ಕೆಂಪು ಕೆಸರು, ಕೊಳೆತ ಎಲೆಯ ಚೂರು, ಆಮೇಲೆ ಅರ್ಧ ಲೋಟ ನೀರು ಬಂತು. ಬಾಗಿಲು ಹಾಕುವಾಗ ಗುಳುಗುಳು ಸದ್ದು ಕೇಳಿಸುತ್ತಿದ್ದರೆ ತಡ ಮಾಡಬೇಡಿ.

ಅದೇ ದಿನ ಪಕ್ಕದ ಮನೆಯ ಮೇಷ್ಟ್ರು ಬಂದು, ತಮ್ಮ ಕಾರಿನಲ್ಲಿ ಎರಡು ತಿಂಗಳಿಂದ ಭದ್ರಾವತಿ ಆಕಾಶವಾಣಿ ಬರೀ ಕರಕರ ಅನ್ನುತ್ತಿದೆ, ಹೊಸ ಸ್ಟೀರಿಯೊ ಯಾವುದು ಕೊಳ್ಳಲಿ ಎಂದು ಕೇಳಿದರು. ಹೋಗಿ ನೋಡಿದೆ. ಕಾರಿನ ಮೇಲೆ ಆಂಟೆನಾ ಇರಲಿಲ್ಲ. ವಾಟರ್ ಸರ್ವಿಸಿನವರು ತೊಳೆಯುವಾಗ ತಿರುಗಿಸಿ ಬಿಚ್ಚಿ ಎಡಗಡೆಯ ಖಾನೆಯಲ್ಲಿ ಇಟ್ಟಿದ್ದರು, ಮತ್ತೆ ಹಾಕಿರಲಿಲ್ಲ. ನಾಲ್ಕು ಸುತ್ತು ತಿರುಗಿಸಿ ಕೂರಿಸಿದೆವು. ಪ್ರದೇಶ ಸಮಾಚಾರದ ದನಿ ಸ್ಪಷ್ಟವಾಗಿ ಬಂತು, ಮೇಷ್ಟ್ರು ಅಲ್ಲೇ ಬಾಗಿಲು ಹಾಕಿಕೊಂಡು ಕೂತರು.