ಬೆಳ್ಗೊಳದ ಶಾಸನಗಳಲ್ಲಿ ಗೃಹವೂ ಗ್ರಾಮವೂ

ಶ್ರವಣಬೆಳ್ಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ೧೮೮೯ರಲ್ಲಿ ಮೊದಲು ಅಚ್ಚುಹಾಕಿಸಿದಾಗ ಅವುಗಳ ಸಂಖ್ಯೆಯು ೧೪೪ ಆಗಿದ್ದಿತು. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ೧೯೨೩ರ ಪರಿಷ್ಕೃತ ಸಂಪುಟದಲ್ಲಿ ಅದನ್ನು ೫೦೦ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ೫೭೩ ಶಾಸನಗಳಿರುವುವು. ಸಾಮಗ್ರಿಯು ಇಷ್ಟು ವಿಪುಲವಾಗಿದ್ದರೂ ಸಾಹಿತ್ಯಪಾಠಕ್ಕೆಂದು ಅದರಿಂದ ಆಯ್ದುಕೊಳ್ಳುವುದು ಸಾಮಾನ್ಯವಾಗಿ ಎರಡೇ ಬಗೆ: ಒಂದು, ರೂಪ ಧನ ವೈಭವಗಳ ಅನಿತ್ಯತೆಯನ್ನು ಹೇಳುವ ನಂದಿಸೇನಮುನಿಯ ಪದ್ಯ; ಇನ್ನೊಂದು, ಬೊಪ್ಪಣಪಂಡಿತನ ಗೊಮ್ಮಟಸ್ತುತಿ. ಎರಡೂ ಉತ್ತಮಕಾವ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡನ್ನೇ ಓದಿದ ವಿದ್ಯಾರ್ಥಿಯು ಬೆಳ್ಗೊಳವೆಂದರೆ ಮನೆಯನ್ನು ಬಿಟ್ಟುಬಂದವರ ಊರು, ಅಲ್ಲಿಯ ವಾಙ್ಮಯದಲ್ಲಿ ಒಲೆ, ಹೊಸಿಲು, ಗದ್ದೆ, ಕೆರೆಗಳಿಗೆ ಎಡೆಯಿಲ್ಲವೆಂದು ತಿಳಿದುಕೊಂಡು ಹೋಗುವನು. ಈ ತಿಳಿವಳಿಕೆಯನ್ನು ತಿದ್ದದೆ ಬಿಟ್ಟರೆ ಜೈನಸಾಹಿತ್ಯದ ಅರ್ಧಭಾಗವು ಅರ್ಥವಾಗದೆ ಉಳಿಯುತ್ತದೆ.

ಮೊದಲು ಪರಿಭಾಷೆಯನ್ನು ವಿಚಾರಿಸಬೇಕು. ಜೈನಶಾಸ್ತ್ರವು ಧರ್ಮವನ್ನು ಸಾಗಾರ, ಅನಗಾರವೆಂದು ಇಬ್ಭಾಗಿಸಿದೆ. ಅಗಾರವೆಂದರೆ ಮನೆ. ಮನೆಯುಳ್ಳವನದು ಸಾಗಾರಧರ್ಮ, ಮನೆಯಿಲ್ಲದವನದು ಅನಗಾರಧರ್ಮ. ಹದಿಮೂರನೆಯ ಶತಮಾನದ ಆಶಾಧರನು ಎರಡರ ಮೇಲೂ ಬೇರೆಬೇರೆ ಗ್ರಂಥಗಳನ್ನು ರಚಿಸಿದನು. ವಿರಕ್ತನಿಗೂ ಹೆಸರು ಬಂದಿರುವುದು ಮನೆಯಿಂದಲೇ ಎಂಬುದನ್ನು ಇಲ್ಲಿ ಗಮನಿಸಬೇಕು. ಅಭಾವವನ್ನು ಹೇಳುವುದಕ್ಕೂ ಪ್ರತಿಯೋಗಿಯ ಜ್ಞಾನವು ಬೇಕೆಂದು ನೈಯಾಯಿಕರು ಹೇಳುವುದು ಇಲ್ಲಿಗೆ ಚೆನ್ನಾಗಿ ಸಲ್ಲುತ್ತದೆ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಮೋಹವಿಲ್ಲದ ಗೃಹಸ್ಥನು ಮೋಕ್ಷಮಾರ್ಗದಲ್ಲಿರುವವನೆಂದೂ, ಮೋಹವುಳ್ಳ ಮುನಿಗಿಂತ ಅವನೇ ಮೇಲೆಂದೂ ಸಾರಿರುವರು. ಗೃಹಸ್ಥಾಶ್ರಮವು ಉಳಿದ ಆಶ್ರಮಗಳಿಗೆಲ್ಲ ಆಶ್ರಯವೆಂಬ ಮನುವಿನ ಮತಕ್ಕೂ ಇದಕ್ಕೂ ಸಿದ್ಧಾಂತದಲ್ಲಿ ಭೇದವುಂಟು. ಆಚಾರದಲ್ಲಿ ಮಾತ್ರ ಅಷ್ಟು ದೂರವಿಲ್ಲ. ದಿಗಂಬರಮುನಿಯು ಅಡಿಗೆ ಮಾಡಿಕೊಳ್ಳುವಂತಿಲ್ಲ. ದಿನಕ್ಕೊಮ್ಮೆ ಶ್ರಾವಕನ ಮನೆಯಲ್ಲಿ ನಿಂತು ಕರಪಾತ್ರದಲ್ಲಿ ಕೊಟ್ಟುದನ್ನು ಸ್ವೀಕರಿಸಬೇಕು. ಶ್ರಾವಕಿಯ ಅಡಿಗೆಮನೆಯು ಶುದ್ಧವಾಗಿಲ್ಲದಿದ್ದರೆ ಬೆಟ್ಟದ ಮೇಲಣ ತಪಸ್ಸು ನಡೆಯದು.

ಬೆಳ್ಗೊಳದ ಪ್ರಾಚೀನ ನಿಸಿಧಿಶಾಸನಗಳಲ್ಲಿ, ಎಂದರೆ ಏಳನೆಯ ಎಂಟನೆಯ ಶತಮಾನಗಳವುಗಳಲ್ಲಿ, ಸತ್ತವರ ಮನೆಯ ಸುದ್ದಿಯು ಬಹು ವಿರಳ. ಗುರು, ಸಂಘ, ವ್ರತದ ಅವಧಿ, ಇಷ್ಟರಲ್ಲಿ ಮಾತು ಮುಗಿಯುತ್ತದೆ. ಹನ್ನೆರಡನೆಯ ಶತಮಾನದ ಹೊಯ್ಸಳಶಾಸನಗಳಿಗೆ ಬಂದರೆ ಕಲ್ಲಿನ ತುಂಬ ಬಂಧುವರ್ಗವು ನೆರೆದಿರುತ್ತದೆ. ತಾಯಿ, ಹೆಂಡತಿ, ಮಗ, ಸೊಸೆ, ಮೈದುನ ಎಲ್ಲರೂ ಬರುವರು. ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಮನೆತನವೇ ಇದಕ್ಕೆ ಉತ್ತಮ ನಿದರ್ಶನ. ಅವನು ತನ್ನ ತಾಯಿ ಪೋಚಿಕಬ್ಬೆಗಾಗಿ ಚಿಕ್ಕಬೆಟ್ಟದಲ್ಲಿ ಈಗ ಕತ್ತಲೆಬಸದಿಯೆಂದು ಕರೆಯಲ್ಪಡುವ ಜಿನಾಲಯವನ್ನು ೧೧೧೮ರಲ್ಲಿ ಕಟ್ಟಿಸಿದನು. ಅದೇ ಬೆಟ್ಟದ ಎರಡುಕಟ್ಟೆ ಬಸದಿಯನ್ನು ಅವನ ಪತ್ನಿ ಲಕ್ಷ್ಮೀಮತಿಯು ಕಟ್ಟಿಸಿದಳು. ಚಾಲುಕ್ಯಸೈನ್ಯವನ್ನು ಕನ್ನೆಗಾಲದಲ್ಲಿ ಸೋಲಿಸಿದ ಗಂಗರಾಜನಿಗೆ ಅರಸನು ಮೆಚ್ಚಿ ಬೇಡಿದುದನ್ನು ಕೊಡುವೆನೆಂದಾಗ, ಅವನು ಪರಮವೆಂಬ ಗ್ರಾಮವನ್ನು ಬೇಡಿ, ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳಿಗೆ ಅದನ್ನು ಬಿಟ್ಟನು. ಯುದ್ಧದ ಫಲವು ಒಂದು ಹಳ್ಳಿಯಾಗಿ, ಹಳ್ಳಿಯ ಫಲವು ಅತ್ತೆ ಸೊಸೆಯರ ಪೂಜೆಗೆ ಹರಿದ ಈ ಕ್ರಮವನ್ನು ಶಾಸನಕವಿಯು ಯಾವ ಸಂಭ್ರಮವೂ ಇಲ್ಲದೆ ಹೇಳಿ ಮುಗಿಸಿರುವನು. ಪ್ರಶಸ್ತಿಯ ಪದ್ಯಗಳಲ್ಲಿ ಮಾತ್ರ ಸಂಭ್ರಮವು ಹೇರಳ.

ಆ ಪದ್ಯಗಳ ವಿಚಾರದಲ್ಲಿ ಮುಲಾಜಿಲ್ಲದೆ ಹೇಳಬೇಕಾದುದೇನೆಂದರೆ, ಅವುಗಳಲ್ಲಿ ಹೆಚ್ಚಿನವು ಮುದ್ರೆಯೊತ್ತಿದಂತಿರುವುವು. ಗೃಹಿಣಿಯನ್ನು ಪುರಾಣಪ್ರಸಿದ್ಧೆಯರಾದ ಸತಿಯರಿಗೆ ಹೋಲಿಸುವುದು, ರೂಪದಲ್ಲಿ ಒಬ್ಬಳನ್ನು ಶೀಲದಲ್ಲಿ ಇನ್ನೊಬ್ಬಳನ್ನು ಕರೆತರುವುದು, ಕಡೆಗೆ ಈಕೆಗೆ ಸಮಾನರಿಲ್ಲವೆನ್ನುವುದು. ಹೆಸರನ್ನು ಅಳಿಸಿ ಬೇರೊಂದನ್ನು ಬರೆದರೂ ಛಂದಸ್ಸು ಕೆಡದಿದ್ದರೆ ಅರ್ಥವೂ ಕೆಡದು. ಆದರ್ಶಗೃಹವನ್ನು ಇಂಥ ಉಪಮೆಗಳಲ್ಲಿ ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವನು. ಅದು ಸಿಕ್ಕುವುದು ಉಪಮೆಗಳ ನಡುವೆ ಬರುವ ಒಂದು ಪಾರಿಭಾಷಿಕ ವಾಕ್ಯದಲ್ಲಿ. ೧೧೨೧ರ ಸುಮಾರಿನಲ್ಲಿ ತೀರಿಕೊಂಡ ಲಕ್ಷ್ಮೀಮತಿಯನ್ನು ಕುರಿತು, ಆಕೆಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧದಾನದಲ್ಲಿ ನಿರತಳಾಗಿದ್ದಳೆಂದು ಶಾಸನವು ಹೊಗಳುತ್ತದೆ.

ಇಲ್ಲಿ ಒಂದು ಶಬ್ದವನ್ನು ಎಚ್ಚರಿಕೆಯಿಂದ ನೋಡತಕ್ಕುದಿದೆ. ಇಂಗ್ಲಿಷಿನಲ್ಲಿ ಬರೆದ ಇತಿಹಾಸಗ್ರಂಥಗಳು ಹಲವು 'ಅಭಯ'ವೆಂಬುದನ್ನು 'ಇರಲೆಡೆ' ಎಂಬರ್ಥದಲ್ಲಿ ಅನುವಾದಿಸಿವೆ; ಅವುಗಳನ್ನು ನೋಡಿ ಬರೆದ ಕನ್ನಡ ಪುಸ್ತಕಗಳಲ್ಲಿಯೂ 'ವಸತಿದಾನ'ವೆಂದು ಕಾಣಬರುತ್ತದೆ. ಶಬ್ದಶಕ್ತಿಯಿಂದ ಈ ಅರ್ಥವು ಬರಲಾರದು. ಅಭಯವೆಂದರೆ ಭಯದ ಅಭಾವ. ಜೈನಾಚಾರದಲ್ಲಿ ಅದು ಪ್ರಾಣಿಮಾತ್ರಕ್ಕೆ ಕೊಡುವ ರಕ್ಷಣೆ. ಹಾಗೆಂದು ಅನುವಾದಕರು ಕೇವಲ ಕಲ್ಪಿಸಿಕೊಂಡರೆನ್ನುವುದೂ ನ್ಯಾಯವಲ್ಲ. ಸಮಂತಭದ್ರರು ವೈಯಾವೃತ್ತ್ಯವನ್ನು ನಾಲ್ಕಾಗಿ ಎಣಿಸುವಾಗ ಆಹಾರ, ಔಷಧ, ಉಪಕರಣ, ಆವಾಸ ಎಂದಿರುವರು. ಆವಾಸವೆಂದರೆ ನಿಜವಾಗಿಯೂ ಇರಲೆಡೆಯೇ. ಎರಡು ಪಟ್ಟಿಗಳಲ್ಲಿ ಆಹಾರವೂ ಔಷಧವೂ ಸಮಾನ. ಉಪಕರಣದ ಸ್ಥಾನದಲ್ಲಿ ಶಾಸ್ತ್ರವನ್ನಿಡುವುದೂ ಕಷ್ಟವಲ್ಲ, ಓಲೆಯ ಗ್ರಂಥವು ಮುನಿಯ ಉಪಕರಣಗಳಲ್ಲೊಂದು. ಉಳಿದುದು ಆವಾಸ ಮತ್ತು ಅಭಯ. ಒಂದರ ಎಡೆಯಲ್ಲಿ ಇನ್ನೊಂದು ನಿಂತಿರುವುದರಿಂದ ಅರ್ಥಸಂಕರವಾಗಿರಬಹುದು. ಶಾಸನವನ್ನು ಪಾಠಹೇಳುವ ಅಧ್ಯಾಪಕರಾದರೋ ಅಭಯಕ್ಕೆ ಅಭಯವೆಂದೇ ಅರ್ಥ ಹೇಳಬೇಕು. ಇದು ಕೇವಲ ಕೋಶದ ಜಗಳವಲ್ಲ. 'ವಸತಿ'ಯೆಂದರೆ ಲಕ್ಷ್ಮೀಮತಿಯು ಛತ್ರವನ್ನು ಕಟ್ಟಿಸಿದ ಸಿರಿವಂತೆಯಾಗುವಳು. 'ಅಭಯ'ವೆಂದರೆ ಆಕೆಯ ಮನೆಯ ಅಂಗಳಕ್ಕೆ ಬಂದ ಜೀವವು ಹೆದರಬೇಕಾಗಿರಲಿಲ್ಲವೆಂದಾಗುತ್ತದೆ. ದಂಡನಾಯಕನ ಹೆಂಡತಿಯ ವಿಷಯದಲ್ಲಿ, ಕತ್ತಿಯಿಂದ ಬದುಕಿದ ಮನೆಯ ವಿಷಯದಲ್ಲಿ, ಈ ಎರಡನೆಯ ಹೊಗಳಿಕೆಯ ತೂಕವೇ ಬೇರೆ.

ಮನೆಯೊಳಗಣ ಮತಭೇದದ ಮಾತು ಇನ್ನೊಂದು. ಶಾಂತಲದೇವಿಯ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆಯು ಜೈನೆ. ಇಮ್ಮಡಿ ಬಲ್ಲಾಳನ ಮಂತ್ರಿಯಾದ ಚಂದ್ರಮೌಳಿಯು ಶಿವಭಕ್ತನಾದ ಬ್ರಾಹ್ಮಣ. ಅವನ ಪತ್ನಿ ಆಚಿಯಕ್ಕನು ಬೆಳ್ಗೊಳದ ಊರೊಳಗೆ ೧೧೮೧ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದಳು. ಆ ಬಸದಿಗೆ ಬೊಮ್ಮೆಯನಹಳ್ಳಿಯನ್ನು ಅರಸನಿಂದ ಬೇಡಿ ಕೊಡಿಸಿದವನು ಗಂಡನೇ. ಈ ಸಂಗತಿಯನ್ನು ಹಿಡಿದು ಸಮನ್ವಯದ ಉಪನ್ಯಾಸಗಳನ್ನು ಮಾಡುವವರಿದ್ದಾರೆ. ಶಾಸನವು ಅಂಥ ಉಪನ್ಯಾಸವನ್ನು ಮಾಡುವುದಿಲ್ಲ. ಗಂಡನ ದೇವರು ಇದು, ಹೆಂಡತಿಯ ದೇವರು ಅದು ಎಂದು ಎರಡನ್ನೂ ಹೇಳಿ, ವಿರೋಧವನ್ನೂ ತೋರಿಸದೆ ಪರಿಹಾರವನ್ನೂ ಹೇಳದೆ, ಭೂಮಿಯ ಎಲ್ಲೆಗಳಿಗೆ ಹೋಗಿಬಿಡುತ್ತದೆ. ಅಲಂಕಾರಿಕರ ಕಣ್ಣಿಗೆ ಇದು ನೀರಸವಾಗಿ ಕಾಣಬಹುದು. ಮನೆಯ ಜೀವನವನ್ನು ಬಲ್ಲವರಿಗೆ ಇದೇ ಸತ್ಯವೆಂದು ತೋರುವುದು. ಇದಲ್ಲದೆ, ಮನೆಯೊಳಗೆ ಸಾಧ್ಯವಾದುದು ಬೀದಿಯಲ್ಲಿಯೂ ಸಾಧ್ಯವಾಗಿತ್ತೆಂದು ತಿಳಿಯಲಾಗದು. ಭಂಡಾರಿ ಬಸದಿಯಲ್ಲಿರುವ ೧೩೬೮ರ ಬುಕ್ಕರಾಯನ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವಿವಾದದ ಫಲ. ಅದರಲ್ಲಿ ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದೆಂದೂ, ಅದರಿಂದ ಬೆಳ್ಗೊಳದ ದೇವರ ರಕ್ಷೆಗೆ ಇಪ್ಪತ್ತು ಆಳುಗಳನ್ನಿಟ್ಟು ಮಿಕ್ಕುದರಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಹೊಡೆಯಿಸಿ ಸರಿಪಡಿಸತಕ್ಕದ್ದೆಂದೂ ವಿಧಿಸಿದೆ. ಹನ್ನೆರಡನೆಯ ಶತಮಾನದ ಕಲ್ಲಿನಲ್ಲಿ ಅಭಯವನ್ನು ಕೊಡುತ್ತಿದ್ದ ಮನೆಯು ಹದಿನಾಲ್ಕನೆಯ ಶತಮಾನದ ಕಲ್ಲಿನಲ್ಲಿ ಕಾವಲಿನವರಿಗೆ ಹಣವನ್ನು ತೆರುವ ಲೆಕ್ಕದ ಮನೆಯಾಗಿದೆ.

ಕಾವ್ಯದೃಷ್ಟಿಯಿಂದ ಇವೆಲ್ಲಕ್ಕೂ ಮೇಲಾದುದು ಮಾಚಿಕಬ್ಬೆಯ ಶಾಸನ. ೧೧೩೧ರಲ್ಲಿ ಮಗಳು ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ರಾಣಿಯು ಹೋದ ಮೇಲೆ ತಾನಿರಲಾರೆನೆಂದು ತಾಯಿಯು ಬೆಳ್ಗೊಳಕ್ಕೆ ಬಂದು ಸಂನ್ಯಸನವನ್ನು ಕೈಕೊಂಡು ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳು. ಇಲ್ಲಿ ಕವಿಯು ಪುರಾಣದ ಸತಿಯರನ್ನು ಬದಿಗಿಟ್ಟು ಕಣ್ಣಿಗೆ ಕಂಡುದನ್ನು ಹೇಳಿರುವನು: ಅರೆಮುಚ್ಚಿದ ಕಣ್ಣು, ಪಂಚಪದಗಳ ಜಪ, ಜಿನಧ್ಯಾನದ ರೀತಿ, ಬಂಧುಗಳನ್ನು ಬೀಳ್ಕೊಟ್ಟ ಗಾಂಭೀರ್ಯ. ದಂಡಿಯು ಅಲಂಕಾರಗಳಲ್ಲಿ ಸ್ವಭಾವೋಕ್ತಿಗೆ ಮೊದಲ ಸ್ಥಾನವನ್ನು ಕೊಟ್ಟುದು ಏಕೆಂಬುದಕ್ಕೆ ಈ ನಾಲ್ಕು ವಿವರಗಳೇ ಸಮರ್ಥನೆ. ಅವುಗಳಲ್ಲಿಯೂ ಕಡೆಯದು ವಿಚಾರಣೀಯ. ಬಂಧುಗಳನ್ನು ಬೀಳ್ಕೊಡುವುದು ಸಲ್ಲೇಖನವಿಧಿಯ ಒಂದು ಅಂಗವೇ ಆದರೂ, ಅದನ್ನು ಇಷ್ಟು ಚೆನ್ನಾಗಿ ಮಾಡಿದಳೆಂದು ಕವಿಯು ಎತ್ತಿ ಹೇಳಿರುವುದರಿಂದ ಅಲ್ಲಿ ನಿಂತಿದ್ದವರ ಅಳಲೂ ವ್ಯಂಗ್ಯವಾಗಿ ತೋರುತ್ತದೆ. ಬೆಳ್ಗೊಳದ ಕವಿಗಳಿಗೆ ಗೃಹಿಣಿಯ ಮನೆಯು ಸ್ಪಷ್ಟವಾಗಿ ಕಾಣುವುದು ಆಕೆಯು ಅದನ್ನು ಬಿಟ್ಟು ಹೊರಡುವ ದಿನವೇ. ನಿಸಿಧಿಯ ಸ್ವರೂಪವೇ ಅಂಥದು. ಆಕೆಯು ಮನೆಯಲ್ಲಿ ನಲವತ್ತೈವತ್ತು ವರ್ಷ ಮಾಡಿದ ಕೆಲಸಕ್ಕೆ ಕಲ್ಲು ದೊರೆಯಲಿಲ್ಲ. ಇದನ್ನು ಆ ಕವಿಗಳ ದೋಷವೆನ್ನಲಾಗದಿದ್ದರೂ ಆ ಕಾವ್ಯದ ಕೊರತೆಯೆಂದು ಎಣಿಸಲೇಬೇಕು.

ಇನ್ನು ಹಳ್ಳಿಯ ವಿಚಾರ. ಪರಮ, ಬೊಮ್ಮೆಯನಹಳ್ಳಿಗಳಲ್ಲದೆ, ಶಾಂತಲೆಯು ೧೧೨೩ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಗೆ ಮೊಟ್ಟೆನವಿಲೆ, ಹುಳ್ಳನು ೧೧೫೯ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಸವಣೇರು ಹೀಗೆ ಗ್ರಾಮಗಳು ದತ್ತಿಯಾಗಿ ಬಂದಿವೆ. ದತ್ತಿಯ ಭಾಗಕ್ಕೆ ಬಂದೊಡನೆ ಭಾಷೆಯು ಬದಲಾಗುತ್ತದೆ. ವೃತ್ತಕಂದಗಳು ನಿಂತು ಗದ್ಯವು ತೊಡಗುತ್ತದೆ. ಸಂಸ್ಕೃತಸಮಾಸಗಳು ಸಡಿಲಿ ಕೆರೆ, ಗದ್ದೆ, ಬೆದ್ದಲೆ, ತೋಟ, ಮೂಡಣ ಪಡುವಣ ಎಲ್ಲೆಗಳು ಬರುತ್ತವೆ. ಸಂಕಲನಕಾರರು ಸಾಮಾನ್ಯವಾಗಿ ಈ ಗದ್ಯವನ್ನು ಚುಕ್ಕೆಗಳನ್ನಿಟ್ಟು ಬಿಟ್ಟುಬಿಡುವರು. ಬಿಟ್ಟುದರಿಂದ ಆಗುವ ನಷ್ಟವು ಸಣ್ಣದಲ್ಲ. ಚನ್ನರಾಯಪಟ್ಟಣದ ಸೀಮೆಯ ಒಣನೆಲವನ್ನು ನೋಡಿದವರಿಗೆ ಕೆರೆಯ ಕೆಳಗಣ ಗದ್ದೆಯನ್ನು ಕೊಳಗದ ಲೆಕ್ಕದಲ್ಲಿ ಅಳೆದು ಕೊಡುವುದರ ಅರ್ಥವು ಕೂಡಲೆ ತಿಳಿಯುವುದು. ಊರಿಗೆ ಹೆಸರು ಬಂದುದೇ ಬಿಳಿಯ ಕೊಳದಿಂದ. ಹದಿಮೂರನೆಯ ಶತಮಾನದ ಸಣ್ಣ ಶಾಸನಗಳಲ್ಲಿ ಕೆಲವು ಇನ್ನೂ ಹೃದ್ಯವಾಗಿವೆ: ಒಬ್ಬನು ಕೆಲವು ಗದ್ಯಾಣಗಳನ್ನು ಇಡುವನು, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ನಿತ್ಯವೂ ಇಂತಿಷ್ಟು ಮಾನ ಹಾಲು. ಪ್ರಶಸ್ತಿಯಿಲ್ಲ, ಉಪಮೆಯಿಲ್ಲ. ಆದರೆ ಬಡ್ಡಿಯು ಹಾಲಾಗಬೇಕಾದರೆ ಯಾರದೋ ಕೊಟ್ಟಿಗೆಯಲ್ಲಿ ಹಸುವಿರಬೇಕು, ಯಾರೋ ಮೊಬ್ಬಿನಲ್ಲಿ ಎದ್ದು ಕರೆಯಬೇಕು, ಯಾರೋ ದೊಡ್ಡಬೆಟ್ಟದ ಮೆಟ್ಟಿಲುಗಳನ್ನು ಹತ್ತಬೇಕು.

ಆ 'ಯಾರೋ' ಎಂಬವರ ಹೆಸರು ಮಾತ್ರ ಕಲ್ಲಿನಲ್ಲಿಲ್ಲ. ಪರಮಗ್ರಾಮವನ್ನು ಕೊಟ್ಟವನು, ಪಡೆದವನು, ದಾನವನ್ನು ಕೆಡಿಸಿದವನಿಗೆ ಬರುವ ಪಾಪ, ಎಲ್ಲವೂ ಉಂಟು. ಅಲ್ಲಿ ಉತ್ತವನು ಇಲ್ಲ. ಗ್ರಾಮವು ಇಲ್ಲಿ ಎಲ್ಲೆಗಳ ಮೊತ್ತವೇ ಹೊರತು ಜನರ ಮೊತ್ತವಲ್ಲ. ಇದೇ ಹಾಸನದ ಸೀಮೆಯಲ್ಲಿ ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪–೧೯೯೧) 'ಹಳ್ಳಿಯ ಚಿತ್ರಗಳು' ಬರೆಯುವವರೆಗೆ ಎಲ್ಲೆಯೊಳಗಣ ಜನರು ಗದ್ಯದಲ್ಲಿ ಮಾತನಾಡಲು ಕಾಯಬೇಕಾಯಿತೆಂದರೆ ಅತಿಶಯೋಕ್ತಿಯ ಪಾಲು ಸ್ವಲ್ಪವಿದ್ದರೂ ಸತ್ಯದ ಪಾಲೇ ಹೆಚ್ಚು. ಕಾವ್ಯವು ಬಿಟ್ಟುದನ್ನು ಕಥೆಯು ಹಿಡಿದುಕೊಂಡಿತು. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಗೊಮ್ಮಟನ ಮೈ ಪೂರ್ತಿ ನೆನೆಯದೆ, ಗುಳ್ಳಕಾಯಜ್ಜಿಯು ಗುಳ್ಳಕಾಯಿಯೊಂದರಲ್ಲಿ ತಂದ ಹಾಲಿನಿಂದ ಅಡಿಯವರೆಗೂ ನೆನೆಯಿತೆಂಬ ಸ್ಥಳಪುರಾಣದ ಕಥೆಯು ಬೊಪ್ಪಣನ ಶಾಸನದಲ್ಲಿಲ್ಲ. ಆದುದರಿಂದ ಇತಿಹಾಸಜ್ಞರು ಇದನ್ನು ಈಚಿನದೆಂದು ತಳ್ಳುವುದು ಸಹಜ. ಸಾಹಿತ್ಯವಿಮರ್ಶಕನು ಅಷ್ಟಕ್ಕೆ ಬಿಡಲಾಗದು. ಬಡ್ಡಿಯ ಹಾಲಿನ ಶಾಸನಗಳನ್ನು ದಿನವೂ ದಾಟಿ ನಡೆದ ಜನರು, ಹಾಲನ್ನು ನಿಜವಾಗಿ ತಂದವರಿಗೆ ಕಲ್ಲಿನಲ್ಲಿ ದೊರೆಯದ ಎಡೆಯನ್ನು ಈ ಕಥೆಯಲ್ಲಿ ಕಲ್ಪಿಸಿಕೊಂಡರೆಂದು ಊಹಿಸಲು ಆಸ್ಪದವಿದೆ.

ಮುಂದೆ ಶಾಸನಪದ್ಯಗಳ ಸಂಕಲನವನ್ನು ಸಿದ್ಧಪಡಿಸುವವರು ಲಕ್ಷ್ಮೀಮತಿಯ ನಿಸಿಧಿಯ ಜೊತೆಗೆ ಪರಮಗ್ರಾಮದ ದತ್ತಿಯ ಗದ್ಯವನ್ನೂ, ಮಾಚಿಕಬ್ಬೆಯ ಪದ್ಯಗಳ ಜೊತೆಗೆ ಹಾಲಿನ ದತ್ತಿಯ ಒಂದೆರಡು ಕಿರುಶಾಸನಗಳನ್ನೂ ಎಲ್ಲೆಗಳನ್ನು ಕತ್ತರಿಸದೆ ಇಡಿಯಾಗಿ ಅಚ್ಚುಮಾಡುವುದು ಯುಕ್ತ. ಅಭಯಶಬ್ದಕ್ಕೆ ಟಿಪ್ಪಣಿ ಬರೆಯುವಾಗ ರತ್ನಕರಂಡಕದ ಆವಾಸವನ್ನೂ ಉಲ್ಲೇಖಿಸಿ, ಎರಡನ್ನೂ ಒಂದೆಂದು ಬೆರಸದೆ ಬೇರೆಬೇರೆಯಾಗಿ ತೋರಿಸತಕ್ಕದ್ದು.